ಮದುವೆಯ ಮರುದಿನದ ಕಥೆಗಳು



ಗಂಡನನ್ನು ಮಣ್ಣು ಮಾಡಿದ ದಿನವೇ ಗುರುತು ಪರಿಚಯವಿಲ್ಲದವನೊಬ್ಬ ಬಂದು ಮದುವೆಯ ಮಾತೆತ್ತುತ್ತಾನೆ. ಕೆನಡಾದ ಜ್ಯಾನೆಟ್ ಓಕ್ ಅವರ ಕಾದಂಬರಿ 'ಲವ್ ಕಮ್ಸ್ ಸಾಫ್ಟ್‌ಲಿ' (1979) ಶುರುವಾಗುವುದು ಹೀಗೆ. ಪಶ್ಚಿಮದ ಬಯಲಿಗೆ ಬಂಡಿ ಕಟ್ಟಿಕೊಂಡು ಬಂದ ಮಾರ್ಟಿ ಈಗ ಒಂಟಿ. ಹೆಂಡತಿ ಸತ್ತ ಕ್ಲಾರ್ಕ್ ಡೇವಿಸ್‌ನ ಪುಟ್ಟ ಮಗಳಿಗೆ ತಾಯಿ ಬೇಕು. ಪಾದ್ರಿ ಇಂದು ಊರಲ್ಲಿದ್ದಾರೆ, ಮತ್ತೆ ಬರುವುದು ಯಾವಾಗಲೋ. ಮದುವೆ ನಡೆದೇ ಹೋಗುತ್ತದೆ.

ಅಡುಗೆ? ಮಾರ್ಟಿಗೆ ಬರುವುದು ಪ್ಯಾನ್‌ಕೇಕ್ ಒಂದೇ. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ರಾತ್ರಿಯೂ ಅದೇ. ಕ್ಲಾರ್ಕ್ ತುಟಿ ಪಿಟಕ್ಕೆನ್ನದೆ ತಿನ್ನುತ್ತಾನೆ, ಮಲಗಲು ಪಕ್ಕದ ಇಳಿಮಾಡಿಗೆ ಹೋಗುತ್ತಾನೆ. ದಾಂಪತ್ಯದ ಬಗ್ಗೆ ಓಕ್ ಹೇಳಬೇಕೆಂದಿದ್ದ ಸಂದೇಶದ ಮುಕ್ಕಾಲು ಪಾಲು ಆ ತಟ್ಟೆಯಲ್ಲೇ ಇದೆ. ಮುಂದೆ ಬರುವ ಪ್ರಾರ್ಥನೆಗಳು ಅದಕ್ಕೆ ಹಾಕಿದ ಒಗ್ಗರಣೆ.

ಸಂದೇಶದ ಕಾದಂಬರಿ ಎಂದೊಡನೆ ವಿಮರ್ಶಕರು ಮೂಗು ಮುರಿಯುವುದುಂಟು. ಕನ್ನಡದವರಿಗಂತೂ ಆ ಹಕ್ಕಿಲ್ಲ: 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ವಿಧವಾ ವಿವಾಹದ ಸಂದೇಶ ಹೊತ್ತೇ ಹುಟ್ಟಿದ್ದು. ಸಂದೇಶ ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಅದನ್ನು ಹೊರುತ್ತಿರುವವರು ಯಾರು? ಮನೆಗೆಲಸವೋ, ಉಪದೇಶವೋ?

ಇದೇ ಪ್ರಶ್ನೆಯನ್ನು ಇನ್ನೊಬ್ಬ ಕಾದಂಬರಿಕಾರ್ತಿಗೂ ಕೇಳೋಣ. ಜ್ಯಾನ್ ಕ್ಯಾರನ್ ಜಾಹೀರಾತು ಸಂಸ್ಥೆಯ ಕೆಲಸ ಬಿಟ್ಟು ಉತ್ತರ ಕ್ಯಾರೊಲಿನಾದ ಬ್ಲೋಯಿಂಗ್ ರಾಕ್ ಎಂಬ ಬೆಟ್ಟದೂರಿಗೆ ಬಂದವರು. ಅಲ್ಲಿನ ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದದ್ದೇ 1994ರಲ್ಲಿ 'ಆಟ್ ಹೋಮ್ ಇನ್ ಮಿಟ್‌ಫರ್ಡ್' ಆಯಿತು. ನಾಯಕ ಫಾದರ್ ಟಿಮ್: ಅರವತ್ತರ ಆಸುಪಾಸಿನ ಬ್ರಹ್ಮಚಾರಿ, ಸಕ್ಕರೆ ಕಾಯಿಲೆಯವರು, ಎಪಿಸ್ಕೋಪಲ್ ಪಂಥದ ಪಾದ್ರಿ, ಆ ಪಂಥದಲ್ಲಿ ಪಾದ್ರಿಗಳು ಮದುವೆಯಾಗಬಹುದು. ಬೇಲಿಯಾಚೆ ಮಕ್ಕಳ ಪುಸ್ತಕ ಬರೆಯುವ ವಿಚ್ಛೇದಿತೆ ಸಿಂಥಿಯಾ. ಊರಿನವರ ಮದುವೆಗಳನ್ನೆಲ್ಲ ನಡೆಸಿಕೊಟ್ಟ ಮನುಷ್ಯ ತನ್ನ ಸರದಿ ಬಂದಾಗ ಬೆವರುತ್ತಾನೆ. ಈ ಸರಣಿಯ ಮೂರನೆಯ ಕಾದಂಬರಿ ತೆರೆಯುವ ಹೊತ್ತಿಗೆ ಮದುವೆ ಮುಗಿದಿರುತ್ತದೆ! ಅದನ್ನು ಕ್ಯಾರನ್ ವಿವರವಾಗಿ ಬರೆದದ್ದು 2001ರಲ್ಲಿ, ಆರನೆಯ ಪುಸ್ತಕವಾಗಿ. ಅಕ್ಷತೆಗಿಂತ ಅನಂತರದ ಹೊಂದಾಣಿಕೆ ಮುಖ್ಯ ಎಂಬುದನ್ನು ಪುಸ್ತಕಗಳ ಕ್ರಮವೇ ಹೇಳಿಬಿಟ್ಟಿತು.

ಇದಕ್ಕೆ ಎದುರಾಗಿ 'ಫೈರ್‌ಪ್ರೂಫ್' ಇಡಬೇಕು. ಜಾರ್ಜಿಯಾದ ಆಲ್ಬನಿಯ ಶೆರ್‌ವುಡ್ ಬ್ಯಾಪ್ಟಿಸ್ಟ್ ಚರ್ಚು ಸುಮಾರು 5 ಲಕ್ಷ ಡಾಲರಿನಲ್ಲಿ ತೆಗೆದ 2008ರ ಚಿತ್ರವಿದು. ಗಳಿಕೆ 3 ಕೋಟಿ ಡಾಲರ್ ದಾಟಿತು, ಕಾದಂಬರಿಯೂ ಆಯಿತು. ವಿಚ್ಛೇದನದ ಅಂಚಿನಲ್ಲಿರುವ ಅಗ್ನಿಶಾಮಕ ದಳದ ಕೇಲೆಬ್‌ಗೆ ತಂದೆ ಕೈಬರಹದ ಪುಸ್ತಕವೊಂದನ್ನು ಕೊಡುತ್ತಾನೆ. 40 ದಿನ, ದಿನಕ್ಕೊಂದು ವ್ರತ. (ಚುಂಬನದ ದೃಶ್ಯಕ್ಕೆ ಕೇಲೆಬ್ ಪಾತ್ರದ ನಟ ಕರ್ಕ್ ಕ್ಯಾಮರನ್ ತನ್ನ ಸ್ವಂತ ಹೆಂಡತಿಯನ್ನೇ ಕರೆಸಿ ನೆರಳಿನಲ್ಲಿ ನಿಲ್ಲಿಸಿದ್ದೂ ಸಂದೇಶದ ಭಾಗವೇ ಅನ್ನಿ.) ದೋಣಿ ಕೊಳ್ಳಲು ಕೂಡಿಟ್ಟ ದುಡ್ಡನ್ನು ಕೇಲೆಬ್ ಅತ್ತೆಯ ಹಾಸಿಗೆ, ಗಾಲಿಕುರ್ಚಿಗೆ ಸುರಿದು ಸುಮ್ಮನಿರುವ ಕಡೆ ಕಥೆ ನಿಜವಾಗುತ್ತದೆ. ಆದರೆ ಹೆಂಡತಿ ಕ್ಯಾಥರೀನಳ ವರ್ಷಗಳ ಸಂಕಟ ಗಂಡನ ಪರೀಕ್ಷೆಗೆ ಬರೆದ ಪ್ರಶ್ನೆಪತ್ರಿಕೆಯಂತೆ ಕಾಣುತ್ತದೆ. ಅವಳಿಗೆ ಯಾರೂ ಪುಸ್ತಕ ಕೊಡುವುದಿಲ್ಲ.

ಎರಡು ದಿನ ಈ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವವರಲ್ಲಿ ಕೋರಿಕೆ ಇಷ್ಟೇ: ಪಾತ್ರಗಳು ಮಂಡಿಯೂರಿದ ಪುಟಗಳನ್ನು ಎಲ್ಲರೂ ಗುರುತು ಹಾಕಿಕೊಂಡೇ ಬಂದಿರುತ್ತಾರೆ. ಅದರ ಹಿಂದಿನ ಪುಟದಲ್ಲಿ ಪಾತ್ರೆ ತೊಳೆದವರು ಯಾರು ಎಂದೂ ದಯವಿಟ್ಟು ನೋಡಿ ಬನ್ನಿ.