ಕೆಂಪು ಸಾಲನ್ನು ಓದಲು ಕಲಿಯೋಣ

(ಸಂಘದ ಕಂಪ್ಯೂಟರ್ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕನಿಗೆ ಕಂಪ್ಯೂಟರ್ ಆಟಗಳ ಪ್ರೋಗ್ರಾಮಿನ ಸಹವಾಸ ಏಕೆಂದು ತಮಗೆ ಆಶ್ಚರ್ಯವಾಗಬಹುದು. ನಮ್ಮ ಮಾಧ್ಯಮಗಳ ಅನೇಕ ಮಕ್ಕಳು ಪ್ರೋಗ್ರಾಮಿಂಗ್‌ನಲ್ಲಿ ಎಡವುವುದು ಗಣಿತದಲ್ಲಲ್ಲ, ಓದಿನಲ್ಲಿ. ಪರದೆಯ ಮೇಲೆ ಇಂಗ್ಲಿಷಿನ ಒಂದು ಕೆಂಪು ಸಾಲು ಬಂದೊಡನೆ 'ಇದು ನಮ್ಮಂಥವರಿಗಲ್ಲ' ಎಂದು ಎದ್ದುಬಿಡುತ್ತಾರೆ. ಒಂದು ಸಾಲಿಗೆ ಹೆದರಿ ಒಂದು ವಿದ್ಯೆಯನ್ನೇ ಬಿಡುವುದು ಎಂಥ ನಷ್ಟ! ಆದ್ದರಿಂದ ಆ ಒಂದು ಸಾಲಿನ ಬಗ್ಗೆಯೇ ಇಂದು ಮಾತನಾಡುತ್ತೇನೆ. ಮಕ್ಕಳಿಗೆ ಆಟವೇಕೆ ಎನ್ನುವ ಹಿರಿಯರಲ್ಲಿ ಒಂದು ವಿನಂತಿ: ಆಟವಾಡುತ್ತಾ ರಾತ್ರಿ ಕಳೆಯುವುದು ಬೇರೆ, ಆಟವನ್ನು ಕಟ್ಟುವುದು ಬೇರೆ. ಎರಡನೆಯದು ತರ್ಕ, ಗಣಿತ ಮತ್ತು ತಾಳ್ಮೆಯ ಪಾಠ.

ಯೂನಿಟಿ ಎಂಬ ತಂತ್ರಾಂಶದಲ್ಲಿ ಸಿ ಶಾರ್ಪ್ ಭಾಷೆಯಲ್ಲಿ ಆಟದ ಸ್ಕ್ರಿಪ್ಟ್ ಬರೆಯುವವರಿಗೆ ಪದೇಪದೇ ಎದುರಾಗುವ ದೋಷದ ಹೆಸರು 'ನಲ್ ರೆಫರೆನ್ಸ್ ಎಕ್ಸೆಪ್ಶನ್'. ಅದರ ಜೊತೆಗೆ ಬರುವ ವಾಕ್ಯ: 'ಆಬ್ಜೆಕ್ಟ್ ರೆಫರೆನ್ಸ್ ನಾಟ್ ಸೆಟ್ ಟು ಆ್ಯನ್ ಇನ್‌ಸ್ಟೆನ್ಸ್ ಆಫ್ ಆ್ಯನ್ ಆಬ್ಜೆಕ್ಟ್.' ಒಟ್ಟು ಹತ್ತು ಪದಗಳು. ನೀವು ಒಂದು ಹೆಸರನ್ನು ಬಳಸಿದ್ದೀರಿ, ಆ ಹೆಸರು ಯಾವ ವಸ್ತುವನ್ನೂ ಸೂಚಿಸುತ್ತಿಲ್ಲ ಎಂಬುದಷ್ಟೇ ಇದರ ಅರ್ಥ.

ಇದು ನಮಗೆ ವ್ಯಾಕರಣದಲ್ಲಿ ಪರಿಚಯವಿರುವ ಸಂಗತಿ. 'ಅವನು ಬಂದನು' ಎಂದು ಪ್ರಬಂಧ ಆರಂಭಿಸಿದರೆ 'ಯಾರು?' ಎಂದು ಕೇಳುತ್ತೇವೆ. ಸರ್ವನಾಮ ಇದೆ, ಅದು ಸೂಚಿಸುವ ನಾಮಪದವಿಲ್ಲ. ಉರ್ದುವಿನಲ್ಲಿ ಹೇಳುವುದಾದರೆ ಝಮೀರ್ ಇದೆ, ಮರ್ಜಾ ಇಲ್ಲ. ಕಂಪ್ಯೂಟರ್ ಕೂಡ ಅದನ್ನೇ ಕೇಳುತ್ತಿದೆ. ನಲ್ ಎಂದರೆ ಸೊನ್ನೆಯಲ್ಲ ಎಂಬುದನ್ನೂ ನೆನಪಿಡಿ. ಅಂಕ ಸೊನ್ನೆ ಎಂದರೆ ಅಂಕಪಟ್ಟಿ ಇದೆ, ಅದರಲ್ಲಿ ಸೊನ್ನೆ ಇದೆ. ನಲ್ ಎಂದರೆ ಅಂಕಪಟ್ಟಿಯೇ ಇಲ್ಲ.

ಈಗ ಒಂದು ಉದಾಹರಣೆ ನೋಡೋಣ. ಆಟಗಾರ ನಾಣ್ಯ ಮುಟ್ಟಿದರೆ ಅಂಕ ಏರಬೇಕು. ಆಟ ಶುರುವಾದಾಗ 'ಸ್ಟಾರ್ಟ್' ಎಂಬ ಭಾಗದಲ್ಲಿ, 'ಫೈಂಡ್' ಆದೇಶದಿಂದ ಅಂಕದ ಫಲಕವನ್ನು ಹೆಸರು ಹಿಡಿದು ಹುಡುಕಿ, ಅದರ ಅಕ್ಷರ ತೋರಿಸುವ ಭಾಗವನ್ನು 'ಗೆಟ್ ಕಾಂಪೊನೆಂಟ್' ಮೂಲಕ ಪಡೆದು ಇಟ್ಟುಕೊಳ್ಳುತ್ತೀರಿ. ಆದರೆ ಸ್ಕ್ರಿಪ್ಟಿನಲ್ಲಿ ಫಲಕದ ಹೆಸರಿನ ಒಂದು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರ, ದೃಶ್ಯದಲ್ಲಿ ಅದೇ ಸಣ್ಣಕ್ಷರ. ಫೈಂಡ್ ಆದೇಶಕ್ಕೆ ಇವೆರಡೂ ಬೇರೆ ಬೇರೆ. ಅದು ನಲ್ ಹಿಡಿದು ಮರಳುತ್ತದೆ. ಸ್ಟಾರ್ಟ್ ಭಾಗ ಅಲ್ಲೇ ಮುರಿದು ಬೀಳುತ್ತದೆ. ನಂತರ ಪ್ರತಿ ನಾಣ್ಯ ಮುಟ್ಟಿದಾಗಲೂ ಮತ್ತೊಂದು ಕೆಂಪು ಸಾಲು. ಹತ್ತು ನಾಣ್ಯ ಮುಟ್ಟಿದರೆ ಹನ್ನೊಂದು ದೋಷ! ಆದರೆ ಕಾರಣ ಒಂದೇ.

ಹೀಗಾದಾಗ ಏನು ಮಾಡಬೇಕು? ನಾಲ್ಕು ಹೆಜ್ಜೆಗಳನ್ನು ಬರೆದುಕೊಳ್ಳಿ.

ಮೊದಲನೆಯದಾಗಿ, ಎಲ್ಲಕ್ಕಿಂತ ಮೊದಲು ಬಂದ ದೋಷವನ್ನು ಓದಿ. ಉಳಿದವು ಅದರ ಮಕ್ಕಳಾಗಿರಬಹುದು.

ಎರಡನೆಯದಾಗಿ, ದೋಷದ ಕೆಳಗೆ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆ ಇರುತ್ತದೆ. ಆ ಸಾಲಿಗೆ ಹೋಗಿ, ಅಲ್ಲಿ ಚುಕ್ಕಿಯ ಎಡಗಡೆ ಇರುವ ಹೆಸರುಗಳನ್ನು ಒಂದೊಂದಾಗಿ ನೋಡಿ. ಅವುಗಳಲ್ಲಿ ಒಂದು ಖಾಲಿ. ಯಾವುದೆಂದು ಊಹಿಸಬೇಡಿ, 'ಡೀಬಗ್ ಲಾಗ್' ಆದೇಶದಿಂದ ಮುದ್ರಿಸಿ ತಿಳಿಯಿರಿ.

ಮೂರನೆಯದಾಗಿ, ಆ ಹೆಸರಿಗೆ ವಸ್ತುವನ್ನು ಒಪ್ಪಿಸಬೇಕಾಗಿದ್ದ ಜಾಗಕ್ಕೆ ಹಿಂದಕ್ಕೆ ನಡೆಯಿರಿ. ಗೆಟ್ ಕಾಂಪೊನೆಂಟ್‌ಗೆ ಕೇಳಿದ ಭಾಗ ಸಿಗದಿದ್ದರೆ ಆ ಸಾಲಿನಲ್ಲಿ ದೋಷ ಕಾಣುವುದಿಲ್ಲ, ಮುಂದೆ ಅದನ್ನು ಬಳಸಿದ ಸಾಲಿನಲ್ಲಿ ಕಾಣುತ್ತದೆ. ನೋವು ಕಂಡ ಜಾಗವೇ ರೋಗದ ಜಾಗವಾಗಿರಬೇಕೆಂದಿಲ್ಲ.

ನಾಲ್ಕನೆಯದಾಗಿ, ಖಾಲಿ ಏಕೆ ಉಳಿಯಿತೆಂದು ಕೇಳಿ. ಹೆಸರು ತಪ್ಪಿರಬಹುದು. ವಸ್ತು ನಿಷ್ಕ್ರಿಯವಾಗಿರಬಹುದು, ಅಂಥದನ್ನು ಫೈಂಡ್ ಹುಡುಕುವುದಿಲ್ಲ. ಇನ್‌ಸ್ಪೆಕ್ಟರ್ ಕಿಟಕಿಯಲ್ಲಿ ಎಳೆದು ತುಂಬಬೇಕಾದ ಜಾಗ ತುಂಬದೆ ಉಳಿದಿರಬಹುದು, ಆಗ ಯೂನಿಟಿ 'ಅನ್‌ಅಸೈನ್ಡ್ ರೆಫರೆನ್ಸ್' ಎನ್ನಬಹುದು. ಬಳಸುವ ಮೊದಲೇ ವಸ್ತು ನಾಶವಾಗಿದ್ದರೆ 'ಮಿಸ್ಸಿಂಗ್ ರೆಫರೆನ್ಸ್' ಎನ್ನಬಹುದು. ಕೆಲವೊಮ್ಮೆ ಸರದಿಯೇ ತಪ್ಪಿರುತ್ತದೆ: ಒಂದು ಸ್ಕ್ರಿಪ್ಟ್ ಸ್ಟಾರ್ಟ್‌ನಲ್ಲಿ ಸಿದ್ಧಪಡಿಸುವುದನ್ನು ಇನ್ನೊಂದು ಅದಕ್ಕೂ ಮೊದಲು ನಡೆಯುವ 'ಅವೇಕ್'ನಲ್ಲಿ ಕೇಳಿರುತ್ತದೆ. ತನ್ನ ಸ್ವಂತ ಸಿದ್ಧತೆ ಅವೇಕ್‌ನಲ್ಲಿ, ಇತರರನ್ನು ಕೇಳುವುದು ಸ್ಟಾರ್ಟ್‌ನಲ್ಲಿ ಎಂಬ ನಿಯಮ ಪಾಲಿಸಿದರೆ ಈ ತೊಂದರೆ ಬಹುಪಾಲು ನೀಗುತ್ತದೆ.

ಇನ್ನು ಒಂದು ಎಚ್ಚರಿಕೆ. 'ನಲ್ ಅಲ್ಲದಿದ್ದರೆ ಮಾತ್ರ ಮಾಡು' ಎಂಬ ಷರತ್ತು ಸೇರಿಸಿದರೆ ಕೆಂಪು ಸಾಲು ತಕ್ಷಣ ಮಾಯವಾಗುತ್ತದೆ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಕೇಳಿದರೂ ಎಷ್ಟೋ ಸಲ ಇದೇ ಉತ್ತರ ಸಿಗುತ್ತದೆ. ಆದರೆ ಅಂಕ ಏರುತ್ತದೆಯೇ? ಇಲ್ಲ. ದೂರು ಅಡಗಿತು, ದೋಷ ಉಳಿಯಿತು. ಶತ್ರು ಪಾತ್ರ ಗುರಿಯಿಟ್ಟ ಎದುರಾಳಿ ಆಗಲೇ ಸತ್ತು ಮಾಯವಾಗಿರಬಹುದು. ಹೀಗೆ ವಸ್ತು ಇಲ್ಲದಿರುವುದು ಸಹಜವಾದ ಕಡೆ ಈ ಷರತ್ತು ಸರಿ. ಇರಲೇಬೇಕಾದದ್ದು ಇಲ್ಲದಿದ್ದಾಗ ಅದನ್ನು ಮುಚ್ಚುವುದು ಸರಿಯಲ್ಲ. ಹಾಜರಿ ಪುಸ್ತಕದಿಂದ ಗೈರುಹಾಜರಾದ ಮಗುವಿನ ಹೆಸರನ್ನೇ ಅಳಿಸಿ 'ಎಲ್ಲರೂ ಹಾಜರು' ಎಂದು ಬರೆದಂತೆ ಅದು.

ನಲ್ ರೆಫರೆನ್ಸ್ ಅನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ ರೂಪಿಸಿದವರು ಬ್ರಿಟನ್ನಿನ ಖ್ಯಾತ ಗಣಕ ವಿಜ್ಞಾನಿ ಟೋನಿ ಹೋರ್. 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅವರು ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಟ್ಯೂರಿಂಗ್ ಪ್ರಶಸ್ತಿ ಪಡೆದ ವಿದ್ವಾಂಸರು ತುಂಬಿದ ಸಭೆಯಲ್ಲಿ ಹೀಗೆ ಹೇಳಿದರೆ ಅವರ ಘನತೆ ಕುಗ್ಗಲಿಲ್ಲ, ಹೆಚ್ಚಿತು. ಖಾಲಿ ಇರಬಹುದಾದ ಹೆಸರುಗಳನ್ನು ಮೊದಲೇ ಗುರುತಿಸಬೇಕೆನ್ನುವ ಕಾಟ್ಲಿನ್‌ನಂಥ ಭಾಷೆಗಳು ನಂತರ ಬಂದವು. ಅಂಥ ವಿದ್ವಾಂಸರನ್ನೂ ಕಾಡಿದ ದೋಷ ನಿಮಗೆ ಎದುರಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿದೆ?

9ನೇ ಶತಮಾನದ ಬಾಗ್ದಾದಿನ ಅಲ್ ಖ್ವಾರಿಝ್ಮಿಯವರ ಹೆಸರಿನಿಂದಲೇ ಆಲ್ಗರಿದಂ ಎಂಬ ಪದ ಬಂದಿತೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳುವುದು ಸುಲಭ. ಆ ಹೆಸರಿಗೆ ಸಲ್ಲುವ ನಿಜವಾದ ಗೌರವವೆಂದರೆ ನಮ್ಮ ಮಕ್ಕಳು ಹತ್ತು ಪದಗಳ ಒಂದು ವಾಕ್ಯವನ್ನು ಹೆದರದೆ ಕೊನೆಯವರೆಗೆ ಓದುವುದು. ಅರ್ಥವಾಗದ ಪದವನ್ನು ನಿಘಂಟಿನಲ್ಲಿ ನೋಡಿ, ನಿಮ್ಮ ಭಾಷೆಯಲ್ಲಿ ಪಕ್ಕದಲ್ಲಿ ಬರೆದುಕೊಳ್ಳಿ, ಶಿಕ್ಷಕರನ್ನು ಕೇಳಿ. ಕೆಂಪು ಸಾಲು ಬೈಗುಳವಲ್ಲ, ದಾರಿ ತೋರಿಸುವ ಫಲಕ.

ಅಲ್ಲಾಹನು ನಮ್ಮೆಲ್ಲರಿಗೂ ಪ್ರಯೋಜನಕಾರಿ ಜ್ಞಾನವನ್ನೂ ಅದನ್ನು ಪಡೆಯುವ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.