ಸ್ಕ್ರೀನ್ ಪ್ರಿಂಟಿಂಗ್ ವಿದ್ಯೆಯೂ ನಮ್ಮ ಅಕ್ಷರವೂ

(ರಥೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಜಾತ್ರೆಯ ಅಂಗಡಿಗಳಲ್ಲಿ ತೂತು ತೂತಿನ ರಂಗೋಲಿ ಅಚ್ಚು ಮಾರುವುದನ್ನು ನೀವೆಲ್ಲರೂ ಕಂಡಿದ್ದೀರಿ. ನೆಲಕ್ಕಿಟ್ಟು ಪುಡಿ ಹಾಕಿ ಕೈಯಾಡಿಸಿದರೆ ಕಮಲ ಮೂಡುತ್ತದೆ. ತೂತಿದ್ದಲ್ಲಿ ಬಣ್ಣ ಇಳಿಯಬೇಕು, ಇಲ್ಲದಲ್ಲಿ ನಿಲ್ಲಬೇಕು. ಸ್ಕ್ರೀನ್ ಪ್ರಿಂಟಿಂಗ್ ಎಂಬ ವಿದ್ಯೆಯ ಗುಟ್ಟೂ ಇಷ್ಟೇ.

ದೇವರ ಸೇವೆಗೆ ಈ ಗುಟ್ಟು ಹೊಸದಲ್ಲ. ಮಥುರಾ, ವೃಂದಾವನಗಳಲ್ಲಿ ಸಾಂಝಿ ಎಂಬ ಸೇವೆಯುಂಟು. ಪಿತೃಪಕ್ಷದ ದಿನಗಳಲ್ಲಿ ಕಾಗದವನ್ನು ಸಣ್ಣ ಕತ್ತರಿಯಿಂದ ಕೊರೆದು, ಆ ಕಂಡಿಗಳ ಮೂಲಕ ಬಣ್ಣದ ಪುಡಿ ಉದುರಿಸಿ, ಶ್ರೀಕೃಷ್ಣನ ಲೀಲೆಗಳನ್ನು ದೇವಸ್ಥಾನದ ಜಗಲಿಯ ಮೇಲೆ ಮೂಡಿಸುತ್ತಾರೆ. ದರ್ಶನವಾದ ಮೇಲೆ ಅಳಿಸಿಬಿಡುತ್ತಾರೆ.

ಆದರೆ ಕೊರೆದ ಅಚ್ಚಿಗೆ ಒಂದು ತೊಡಕಿದೆ. ಮಂಡಿಯಲ್ಲಿ ಗೋಣಿಚೀಲಕ್ಕೆ ಗುರುತು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ತಗಡಿನಲ್ಲಿ 'ರಾಮ' ಎಂದು ಕೊರೆದರೆ ರಕಾರದ ಹೊಟ್ಟೆಯೊಳಗಿನ ತುಂಡು ಕಳಚಿ ಬೀಳುತ್ತದೆ. ಸೊನ್ನೆಯ ಗತಿಯೂ ಅದೇ. ಆಧಾರಕ್ಕೆ ನಡುವೆ ಪಟ್ಟಿ ಬಿಡಬೇಕು, ಬಿಟ್ಟರೆ ಅಕ್ಷರ ತುಂಡಾಗಿ ಕಾಣುತ್ತದೆ.

ಇದಕ್ಕೆ ಜಾಣತನದ ಉಪಾಯ ಕಂಡವರು ಜಪಾನಿನ ಇಸೆ ಸೀಮೆಯವರು. ಇಸೆ ಎಂದರೆ ಸೂರ್ಯದೇವತೆ ಅಮತೆರಾಸುವಿನ ಸನ್ನಿಧಿ, ಅಲ್ಲಿಯವರಿಗೆ ನಮ್ಮ ಕಾಶಿಯಿದ್ದಂತೆ. ಆ ಸೀಮೆಯ ಶಿರೋಕೊ ಎಂಬ ಊರು ಈಗ ಸುಜುಕಾ ನಗರಕ್ಕೆ ಸೇರಿದೆ. ಅಲ್ಲಿಯವರು ಮರದ ನಾರಿನ ಕಾಗದವನ್ನು ಪದರ ಪದರವಾಗಿ ಪರ್ಸಿಮನ್ ಹಣ್ಣಿನ ಒಗರು ರಸದಿಂದ ಅಂಟಿಸಿ, ಹೊಗೆಯಲ್ಲಿ ಹದ ಮಾಡಿ, ಬಟ್ಟೆಗೆ ಅಚ್ಚು ಕೊರೆಯುತ್ತಿದ್ದರು. ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 100 ತೂತು ಕೊರೆಯುವ ಕೈಗಳಿದ್ದವು! ಆ ಅಚ್ಚಿನ ಮೇಲೆ ಅಕ್ಕಿಯ ಅಂಟು ಎಳೆದು, ಬಟ್ಟೆಗೆ ಬಣ್ಣ ಕೊಟ್ಟು ತೊಳೆದರೆ, ಅಂಟಿದ್ದಲ್ಲೆಲ್ಲ ಬಿಳಿಯ ಚುಕ್ಕಿ ಉಳಿಯುತ್ತಿತ್ತು. ವ್ಯಾಪಾರಿಗಳು ಈ ಅಚ್ಚುಗಳನ್ನು ಹೊತ್ತು ದೇಶವೆಲ್ಲ ತಿರುಗಿದರು. 1603ರಿಂದ 1868ರವರೆಗಿನ ಎದೊ ಕಾಲದಲ್ಲಿ ಒಂದೊಂದು ಸಂಸ್ಥಾನದ ಸಮುರಾಯಿಗಳಿಗೆ ಒಂದೊಂದು ಚುಕ್ಕಿವಿನ್ಯಾಸ ಗುರುತಾಗಿತ್ತು. ಆಡಂಬರದ ಬಟ್ಟೆ ತೊಡಬಾರದೆಂದು ಸರಕಾರ ಕಟ್ಟಳೆ ಮಾಡಿದಾಗ ಪೇಟೆಯ ಜನರೂ ಇಂಥದೇ ಸಣ್ಣ ಚುಕ್ಕಿಯ ಬಟ್ಟೆ ಹಿಡಿದರು. ದೂರಕ್ಕೆ ಸಾದಾ, ಹತ್ತಿರಕ್ಕೆ ಚಿತ್ತಾರ. ಕಟ್ಟಳೆಯೂ ಮುರಿಯಲಿಲ್ಲ, ಆಸೆಯೂ ಕೆಡಲಿಲ್ಲ. ಎಷ್ಟಾದರೂ ವ್ಯಾಪಾರಿಗಳ ಬುದ್ಧಿ!

ಕಳಚುವ ತುಂಡುಗಳನ್ನು ಹಿಡಿಯಲು ಅವರು ಎರಡು ಕಾಗದಗಳ ನಡುವೆ ರೇಷ್ಮೆ ಎಳೆಗಳನ್ನು ಬಿಗಿದು, ಕೊರೆದ ಜಾಗ ಒಂದಕ್ಕೊಂದು ಕೂದಲೆಳೆಯೂ ತಪ್ಪದಂತೆ ಮತ್ತೆ ಅಂಟಿಸುತ್ತಿದ್ದರು. ಎಳೆ ಎಷ್ಟು ಸಣ್ಣದೆಂದರೆ ಅದರ ಗುರುತು ಬಟ್ಟೆಯ ಮೇಲೆ ಬೀಳುತ್ತಿರಲಿಲ್ಲ. ಇಂಥ ಅಚ್ಚುಗಳು 19ನೇ ಶತಮಾನದಲ್ಲಿ ಯುರೋಪಿನ ವಸ್ತುಸಂಗ್ರಹಾಲಯಗಳಿಗೂ ಹೋದವು. ಆಮೇಲೆ 1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬುವರು ಚೌಕಟ್ಟಿಗೆ ರೇಷ್ಮೆ ಬಟ್ಟೆಯನ್ನೇ ಬಿಗಿದು ಅಚ್ಚು ಹಾಕುವ ಕ್ರಮಕ್ಕೆ ಪೇಟೆಂಟ್ ಪಡೆದರು. ಮುಂದೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಂತು, ರೇಷ್ಮೆಯ ಜಾಗಕ್ಕೆ ನೈಲಾನ್, ಪಾಲಿಯೆಸ್ಟರ್ ಬಂದವು. 1968ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ತಮ್ಮ ಚಳವಳಿಯ ಪೋಸ್ಟರುಗಳನ್ನು ಇದರಲ್ಲೇ ಒತ್ತಿದರು.

ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರಾದ ನಮಗೆ ಈ ವಿದ್ಯೆಯಿಂದಾದ ಉಪಕಾರ ಬೇರೆಯೇ ಇದೆ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಕನ್ನಡಕ್ಕೆ ನೂರಾರು ಮೊಳೆ ಬೇಕು. 200 ಆಮಂತ್ರಣ ಪತ್ರಿಕೆಗಾಗಿ ತೆಲುಗು ಮುದ್ರಣಾಲಯದವರು ಅಷ್ಟು ಮೊಳೆ ಯಾಕೆ ಇಟ್ಟುಕೊಂಡಾರು? ಸ್ಕ್ರೀನಿಗೆ ಮೊಳೆಯ ಹಂಗಿಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪು ಮಸಿಯಲ್ಲಿ ದುಂಡಗೆ ಬರೆದುಕೊಟ್ಟರೆ ಸಾಕು. ಬರೆದ ಜಾಗಕ್ಕೆ ಬೆಳಕು ತಾಗುವುದಿಲ್ಲ, ನೀರಿನಲ್ಲಿ ತೊಳೆದರೆ ಅಲ್ಲಿನ ಎಮಲ್ಷನ್ ಬಿಟ್ಟುಹೋಗುತ್ತದೆ, ರಬ್ಬರ್ ಪಟ್ಟಿ ಎಳೆದರೆ ಮಸಿ ಇಳಿಯುತ್ತದೆ. ರಕಾರದ ಹೊಟ್ಟೆಯ ತುಂಡನ್ನು ಜಾಲರಿಯೇ ಹಿಡಿದುಕೊಳ್ಳುತ್ತದೆ. ಊರಿನಲ್ಲಿ ಅಕ್ಷರ ಬರೆಯುವ ಒಬ್ಬರಿದ್ದರೆ ದೇವರ ಕಾಗದ ಕನ್ನಡದಲ್ಲೇ ಹೊರಡುತ್ತದೆ.

ಈಗ ಕಂಪ್ಯೂಟರಿನಲ್ಲಿ ಎಲ್ಲಿಯಾದರೂ ಕನ್ನಡ ಸಿಗುತ್ತದೆ, ಫ್ಲೆಕ್ಸ್ ಅದೇ ದಿನ ಕೈಗೆ ಬರುತ್ತದೆ. ಸಂತೋಷವೇ. ಆದರೆ ಬರೆಯುವವನಿಗೆ ಓದು ಬರಲೇಬೇಕಿತ್ತು, ಯಂತ್ರದ ಗುಂಡಿ ಒತ್ತುವವನಿಗೆ ಅದು ಬೇಕಿಲ್ಲ. ಸ್ವಾಮಿಯ ಹೆಸರಿನಲ್ಲೇ ಒತ್ತು ಬಿಟ್ಟುಹೋದರೂ ಕೇಳುವವರಿಲ್ಲ.

ಜಪಾನಿನಲ್ಲೂ ಕುಶಲಿಗಳು ಕಡಿಮೆಯಾದಾಗ ಅಲ್ಲಿಯ ಸರಕಾರ 1955ರಲ್ಲಿ ಇಸೆ ಅಚ್ಚಿನ ಆರು ಜನರಿಗೆ ರಾಷ್ಟ್ರಮಟ್ಟದ ಮನ್ನಣೆ ಕೊಟ್ಟಿತು. ಅವರಲ್ಲಿ ಜೋನೊಕುಚಿ ಮಿಯೆ ಎಂಬ ಹೆಣ್ಣುಮಗಳು ರೇಷ್ಮೆ ಎಳೆ ಹಾಕುವವರು. 1993ರಲ್ಲಿ ಆ ಮನ್ನಣೆ ಕುಶಲಕರ್ಮಿಗಳ ಸಂಘಕ್ಕೆ ಸಂದಿತು. 2003ರಲ್ಲಿ ಆ ತಾಯಿ ತೀರಿಕೊಂಡರು.

ಗೋಡೆ, ಬಟ್ಟೆಗಳ ಮೇಲೆ ಕನ್ನಡ ಬರೆದ ಹಿರಿಯರು ನಮ್ಮ ಓಣಿಗಳಲ್ಲಿ ಇನ್ನೂ ಇದ್ದಾರೆ. ಬೇಸಿಗೆ ರಜೆಯಲ್ಲಿ ಹತ್ತು ಮಕ್ಕಳನ್ನು ಅವರ ಮುಂದೆ ಕೂರಿಸುವುದಾದರೆ ದೇವಸ್ಥಾನದ ಜಗಲಿ ಖಾಲಿಯೇ ಇದೆ, ಕಾಗದ ಮತ್ತು ಮಸಿಯ ಖರ್ಚೂ ದೊಡ್ಡದಲ್ಲ. ಒಪ್ಪುವ ತಂದೆತಾಯಿಗಳು ಮಕ್ಕಳ ಹೆಸರನ್ನು ಸಮಿತಿಯವರಲ್ಲಿ ಬರೆಸಬಹುದು.