ಅಪ್ಪನ ಕುತ್ತಿಗೆ, ನನ್ನ 20×50: ಹಗುರವಾದ ಪೊರೋ ಬೈನಾಕ್ಯುಲರ್ ಆರಿಸೋದು ಹೇಗೆ?

ನಾನು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ಶಿವಮೊಗ್ಗ ಕಡೆ. ಇವತ್ತು ಕೋಡ್ ಬಗ್ಗೆ ಅಲ್ಲ, ಬೈನಾಕ್ಯುಲರ್ ಬಗ್ಗೆ ಮಾತಾಡ್ತೀನಿ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಮಗಳು ಹುಟ್ಟಿದಾಗ ಅಪ್ಪ, ಅಮ್ಮ ಇಲ್ಲಿಗೆ ಬಂದ್ರು. ಅಮ್ಮಂಗೆ ಮೊಮ್ಮಗಳು ಸಿಕ್ಕಳು. ಅಪ್ಪಂಗೆ ಮಾತಿಗೆ ಯಾರೂ ಸಿಗಲಿಲ್ಲ. ತೆಲುಗು ಬರಲ್ಲ, ಹಿಂದಿ ಅಷ್ಟಕ್ಕಷ್ಟೇ. ಊರಲ್ಲಿ ಮಂಡಗದ್ದೆ ಹತ್ರ ಹೋದ್ರೆ ತುಂಗೆಯ ನಡುವಿನ ಮರಗಳ ಮೇಲಿನ ಬೆಳ್ಳಕ್ಕಿ, ನೀರುಕಾಗೆ ನೋಡ್ತಾ ಗಂಟೆಗಟ್ಟಲೆ ನಿಲ್ಲೋ ಮನುಷ್ಯ, ಇಲ್ಲಿ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಕ್ರೇನ್ ನೋಡ್ತಿದ್ರು.

ಲಿಂಗಂಪಲ್ಲಿ ದಾಟಿದ್ರೆ ಅಮೀನ್‌ಪುರ ಕೆರೆ ಇದೆ. 2016ರಲ್ಲಿ ಅದನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ರು. ಅಪ್ಪನ್ನ ಅಲ್ಲಿಗೆ ಕರಕೊಂಡು ಹೋಗೋಣ ಅಂತ ಆನ್‌ಲೈನ್‌ನಲ್ಲಿ ಒಂದು 20×50 ತರಿಸಿದೆ. ಇಪ್ಪತ್ತು ಪಟ್ಟು ಹತ್ತಿರ! ನಂಬರ್ ದೊಡ್ಡದಿದ್ರೆ ವಸ್ತು ದೊಡ್ಡದು ಅನ್ನೋ ಲೆಕ್ಕ ನಂದು. ಎಂಟೆಕ್ ಮಾಡಿದವನ ಬುದ್ಧಿ ನೋಡಿ.

ಎರಡು ಭಾನುವಾರ ಬಂದ್ರು. ಮೂರನೇ ವಾರ ‘ಇವತ್ತು ಬೇಡ’ ಅಂದ್ರು. ನಾಲ್ಕನೇ ವಾರವೂ ಅದೇ. ಅವರಿಗೆ ಆಸಕ್ತಿ ಹೋಯ್ತು ಅಂದ್ಕೊಂಡೆ. ಎಷ್ಟೋ ದಿನ ಆದ್ಮೇಲೆ ಬಾಯಿಬಿಟ್ರು: ‘ಕುತ್ತಿಗೆ ಎಳೆಯತ್ತೆ ಮಾರಾಯ. ಅದ್ರಲ್ಲಿ ಹಕ್ಕಿಗಿಂತ ನನ್ನ ಕೈ ನಡುಗೋದೇ ಜಾಸ್ತಿ ಕಾಣತ್ತೆ. ನೀನು ಖುಷಿಯಿಂದ ತಂದಿದ್ದೆ, ಹೆಂಗೆ ಹೇಳೋದು?’

ಆವತ್ತು ಕೂತು ಸರಿಯಾಗಿ ಓದಿದೆ. ಓದಿದ್ದನ್ನೇ ನಿಮಗೆ ಹೇಳ್ತೀನಿ.

8×30 ಅಂದ್ರೆ ಎಂಟು ಪಟ್ಟು ಹಿಗ್ಗಿಸತ್ತೆ, ಮುಂದಿನ ಲೆನ್ಸಿನ ಅಗಲ 30 ಮಿ.ಮೀ. ಹಿಗ್ಗೋದು ಹಕ್ಕಿ ಮಾತ್ರ ಅಲ್ಲ, ನಿಮ್ಮ ಕೈ ನಡುಕವೂ ಅಷ್ಟೇ ಪಟ್ಟು ಹಿಗ್ಗತ್ತೆ. ಕೈಯಲ್ಲಿ ಹಿಡಿದು ನೋಡೋಕೆ 6ರಿಂದ 8 ಸಾಕು, ಗಟ್ಟಿ ಕೈ ಇದ್ರೆ 10. ಇನ್ನು 30ನ್ನ 8ರಿಂದ ಭಾಗಿಸಿದ್ರೆ 3.75 ಬರತ್ತೆ. ಕಣ್ಣಿಗೆ ತಲುಪೋ ಬೆಳಕಿನ ವೃತ್ತದ ಅಗಲ ಇದು, ಮಿ.ಮೀ.ನಲ್ಲಿ. ಎಕ್ಸಿಟ್ ಪ್ಯುಪಿಲ್ ಅಂತಾರೆ. ನನ್ನ 20×50ಗೆ ಬರೀ 2.5. ಕಣ್ಣು ಸ್ವಲ್ಪ ಆಚೀಚೆ ಆದ್ರೆ ಕತ್ತಲೆ. 6×30ಗೆ ಪೂರ್ತಿ 5. ವಯಸ್ಸಾದವರಿಗೆ, ಕನ್ನಡಕದವರಿಗೆ ಇದು ದೊಡ್ಡ ಸಮಾಧಾನ.

ಪೊರೋ ಯಾಕೆ? ಹಳೇ ಸಿನಿಮಾದ ಮಿಲಿಟರಿ ಆಫೀಸರ್ ಕೈಯಲ್ಲಿರತ್ತಲ್ಲ, ಭುಜ ಅಗಲ ಇರೋ ಬೈನಾಕ್ಯುಲರ್, ಅದೇ ಪೊರೋ. ಇಟಲಿಯ ಇಗ್ನಾಜಿಯೋ ಪೊರೋ 1854ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ನೇರ ಕೊಳವೆ ಥರ ಇರೋದು ರೂಫ್ ಪ್ರಿಸಂ. ಸಾಮಾನ್ಯವಾಗಿ ಸಿಗೋ ರೂಫ್ ಮಾದರಿಯಲ್ಲಿ ಪ್ರಿಸಂನ ಒಂದು ಮುಖಕ್ಕೆ ಕನ್ನಡಿ ಲೇಪನ ಬೇಕು, ಚಿತ್ರ ಚೂಪಾಗೋಕೆ ಫೇಸ್ ಲೇಪನವೂ ಬೇಕು. ಎರಡಕ್ಕೂ ಖರ್ಚು. ಅಗ್ಗದವುಗಳಲ್ಲಿ ಉಳಿತಾಯ ಮಾಡೋದು ಇಲ್ಲೇ. ಒಳ್ಳೆ ಗಾಜಿನ ಪೊರೋಗೆ ಇವೆರಡೂ ಬೇಡ. ಹಾಗಾಗಿ ಕಡಿಮೆ ಬಜೆಟ್‌ನಲ್ಲಿ ಅದೇ ದುಡ್ಡಿಗೆ ಪೊರೋದಲ್ಲಿ ಸಾಮಾನ್ಯವಾಗಿ ಚಿತ್ರ ಚೆನ್ನಾಗಿರತ್ತೆ. ಮುಂದಿನ ಲೆನ್ಸುಗಳು ದೂರ ದೂರ ಇರೋದ್ರಿಂದ ಆಳವೂ ಚೆನ್ನಾಗಿ ಗೊತ್ತಾಗತ್ತೆ: ಯಾವ ಕೊಂಬೆ ಮುಂದೆ, ಯಾವುದು ಹಿಂದೆ.

ಪೊರೋ ಅಂದ್ರೆ ಭಾರ ಅಂತಾರೆ. ಅದು ಅರ್ಧ ಸತ್ಯ. ಭಾರ ಇರೋದು 40, 50ರ ಲೆನ್ಸಲ್ಲಿ. ನಿಕಾನ್ ಅಕ್ಯುಲಾನ್ 8×42 ಸುಮಾರು 750 ಗ್ರಾಂ, ಒಲಿಂಪಸ್ 8×40 ಡಿಪಿಎಸ್ ಸುಮಾರು 700. ಕೋವಾ ವೈಎಫ್ ಸರಣಿಯ 6×30, 8×30 ಎರಡೂ ಅರ್ಧ ಕೆಜಿಗಿಂತ ಕಡಿಮೆ, ಮೇಲಾಗಿ ಒಳಗೆ ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಫಂಗಸ್ ಕಾಟ ಗೊತ್ತಲ್ಲ, ಇದು ಮುಖ್ಯ. ಚಿಟ್ಟೆ ನೋಡೋ ಆಸೆ ಇದ್ರೆ ಪೆಂಟಾಕ್ಸ್ ಪಪಿಲಿಯೋ 6.5×21 ಇದೆ. ಸುಮಾರು 290 ಗ್ರಾಂ, ಅರ್ಧ ಮೀಟರ್ ದೂರದ ಹೂವಿಗೂ ಫೋಕಸ್ ಆಗತ್ತೆ. ಆದ್ರೆ ಲೆನ್ಸ್ ಚಿಕ್ಕದು, ಸಂಜೆಗೆ ಸಾಲದು.

ಕೈಗೆ ಬಂದ ಕೂಡಲೇ ನಾಲ್ಕು ಪರೀಕ್ಷೆ ಮಾಡಿ.

ಒಂದು, ಕೈ ಚಾಚಿ ಹಿಡಿದು ಕಣ್ಣಿಡುವ ಲೆನ್ಸಿನಲ್ಲಿ ಕಾಣೋ ಬೆಳಕಿನ ಬಿಂದು ನೋಡಿ. ಪೂರ್ತಿ ಗುಂಡಗಿದ್ರೆ ಪ್ರಿಸಂ ಬಿಎಕೆ4 ಗಾಜಿನದಿರಬಹುದು. ಅಂಚು ಬೂದಾಗಿ ಚೌಕದ ಥರ ಕಂಡ್ರೆ ಬಹುಶಃ ಅಗ್ಗದ ಬಿಕೆ7.

ಎರಡು, ಮುಂದಿನ ಲೆನ್ಸಲ್ಲಿ ಟ್ಯೂಬ್‌ಲೈಟ್ ಪ್ರತಿಬಿಂಬ ನೋಡಿ. ಮಂಕಾಗಿ ಹಸಿರು, ನೇರಳೆ ಕಂಡ್ರೆ ಒಳ್ಳೇದು. ಬೆಳ್ಳಗೆ ಹೊಳೆದ್ರೆ ಲೇಪನ ಇಲ್ಲ. ಕಡುಕೆಂಪು ‘ರೂಬಿ’ ಲೆನ್ಸಾದ್ರೆ ವಾಪಸ್ ಕೊಡಿ.

ಮೂರು, ದೂರದ ಕರೆಂಟ್ ತಂತಿಗೆ ಗುರಿಯಿಟ್ಟು, ನಿಧಾನವಾಗಿ ಬೈನಾಕ್ಯುಲರನ್ನ ಕಣ್ಣಿಂದ ದೂರ ತನ್ನಿ. ಎರಡೂ ಕಡೆ ತಂತಿ ಒಂದೇ ಸಾಲಲ್ಲಿರಬೇಕು. ಮೇಲೆ ಕೆಳಗೆ ಆದ್ರೆ ಜೋಡಣೆ ತಪ್ಪಿದೆ, ತಲೆನೋವು ಗ್ಯಾರಂಟಿ.

ನಾಲ್ಕು, ಕನ್ನಡಕ ಹಾಕೊಂಡೇ ನೋಡಿ. ಐ ರಿಲೀಫ್ 15 ಮಿ.ಮೀ.ಗಿಂತ ಕಡಿಮೆ ಇದ್ರೆ ಅಂಚು ಕಾಣಲ್ಲ. ವೈಎಫ್ 6×30ಗೆ ಸುಮಾರು 20 ಇದೆ. ಅಪ್ಪಂಗೆ ಅದನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು, ಮಕ್ಕಳ ಕೈಗೆ ಕೊಡೋವಾಗ ಮರೀಬೇಡಿ: ಸೂರ್ಯನ ಕಡೆ ಯಾವತ್ತೂ ತಿರುಗಿಸಬಾರದು. ಕಣ್ಣು ಹೋಗತ್ತೆ.

ಈಗ ಭಾನುವಾರ ಆರು ಗಂಟೆಗೆ ಅಪ್ಪನೇ ಬಾಗಿಲು ತಟ್ತಾರೆ. ಕೆರೆ ದಡದಲ್ಲಿ ದಿನಾ ವಾಕಿಂಗ್ ಬರೋ ಒಬ್ಬ ತಾತನ ಸ್ನೇಹ ಆಗಿದೆ. ಅವರು ತೆಲುಗಲ್ಲಿ ಹೆಸರು ಹೇಳ್ತಾರೆ, ಇವರು ಕನ್ನಡದಲ್ಲಿ ಮಿಂಚುಳ್ಳಿ, ಹೆಜ್ಜಾರ್ಲೆ ಅಂತಾರೆ. ಬೈನಾಕ್ಯುಲರ್ ಇಬ್ಬರ ಕೈಯಲ್ಲೂ ಓಡಾಡತ್ತೆ.

ಆ 20×50 ಇನ್ನೂ ಕಪಾಟಲ್ಲಿದೆ. ಎಸೆದಿಲ್ಲ. ನೀವು ಅಪ್ಪ ಅಮ್ಮಂಗೆ ಏನಾದ್ರೂ ಕೊಳ್ಳೋವಾಗ ಸ್ಪೆಸಿಫಿಕೇಷನ್ ಓದೋ ಮೊದಲು ಒಂದ್ಸಲ ಕೇಳಿ, ‘ಭಾರ ಆಗತ್ತಾ?’ ಅಂತ. ಅವರಾಗೇ ಹೇಳಲ್ಲ.